ಮತ ಮಾಗುವ ಬಗೆ

'ಮತ' ಎಂಬ ಶಬ್ದವು 'ಮನ್' ಎಂಬ ಸಂಸ್ಕೃತ ಧಾತುವಿನಿಂದ ಹುಟ್ಟಿದುದು. ಆಲೋಚಿಸಲ್ಪಟ್ಟುದು ಎಂದು ಅದರ ಮೂಲಾರ್ಥ. ಅಭಿಪ್ರಾಯಕ್ಕೂ ಓಟಿಗೂ ಕನ್ನಡವು ಈ ಒಂದೇ ಶಬ್ದವನ್ನು ಬಳಸುತ್ತಿರುವುದು ಉಚಿತವಾಗಿದೆ. ಆಲೋಚನೆಯಿಲ್ಲದೆ ಹಾಕಿದ ಓಟು ಎಣಿಕೆಗೆ ಸಲ್ಲುವುದೇ ಹೊರತು ಆ ಹೆಸರಿಗೆ ಸಲ್ಲದು.

ಯೌವನದಲ್ಲಿ ಒಂದು ಪಕ್ಷವನ್ನು ಮೆಚ್ಚಿ, ವಯಸ್ಸಾದ ಮೇಲೆ ಇನ್ನೊಂದನ್ನು ಮೆಚ್ಚಿದವನನ್ನು ಚಂಚಲನೆಂದೂ, ಕಡೆಯವರೆಗೆ ಒಂದನ್ನೇ ಹಿಡಿದವನನ್ನು ನಿಷ್ಠನೆಂದೂ ಕರೆಯುವುದು ಲೋಕರೂಢಿ. ಈ ಅಳತೆಗೋಲು ಸರಿಯೇ?

1934ರಲ್ಲಿ ಹುಟ್ಟಿದ ಕನ್ನಡನಾಡಿನ ಒಬ್ಬ ಮತದಾರನನ್ನು ಕಲ್ಪಿಸಿಕೊಳ್ಳಬಹುದು. ಅಂದು ಮತದಾನಕ್ಕೆ 21 ವರ್ಷ ತುಂಬಿರಬೇಕಾಗಿದ್ದುದರಿಂದ ಅವನ ಮೊದಲ ಚುನಾವಣೆ 1957ರದು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ. ಚಿಹ್ನೆಯನ್ನು ನೋಡಿ ಚೀಟಿಯನ್ನು ಹಾಕಿದರಾಯಿತು. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ. ಸ್ವಾತಂತ್ರ್ಯ ತಂದವರ ಮೇಲಣ ಕೃತಜ್ಞತೆ, ಹಿಂದಿನ ವರ್ಷವಷ್ಟೇ ಆದ ಏಕೀಕರಣದ ಸಂತೋಷ, ಮನೆಯ ಹಿರಿಯರ ಮಾತು, ಇವೇ ಅವನ ಮತವನ್ನು ನಿರ್ಣಯಿಸಿದವು. ಅದು ದೋಷವಲ್ಲ, ಆದರೆ ಆ ಮತ ಎರವಲು.

ಅವನಿಗೆ ಐವತ್ತು ತುಂಬಿದ ವರ್ಷ, 1984ರ ಅಕ್ಟೋಬರ್ 31ರಂದು, ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಸಂದವು. 1983ರಿಂದ ರಾಜ್ಯವನ್ನಾಳುತ್ತಿದ್ದ ಜನತಾ ಪಕ್ಷದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಮತ್ತೆ ಜನರ ಮುಂದೆ ನಿಂತರು. 1985ರ ಮಾರ್ಚಿನಲ್ಲಿ ಇದೇ ನಾಡು 224 ಸ್ಥಾನಗಳಲ್ಲಿ 139ನ್ನು ಜನತಾ ಪಕ್ಷಕ್ಕೆ ಕೊಟ್ಟಿತು. ಮೂರು ತಿಂಗಳೊಳಗಾದ ಈ ವ್ಯತ್ಯಾಸವನ್ನು ಚಾಂಚಲ್ಯವೆನ್ನಲಾಗದು. ದೆಹಲಿಯನ್ನು ಯಾರು ಆಳಬೇಕು, ಬೆಂಗಳೂರಿನಲ್ಲಿ ಯಾರು ಕೂರಬೇಕು ಎಂಬ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ನೋಡುವ ವಿವೇಕವದು. ಹಲವು ಚುನಾವಣೆಗಳ ಅನುಭವವೇ ಅದನ್ನು ಕಲಿಸಿತೆನ್ನಬೇಕು.

ಹಾಗೆಂದು ವಯಸ್ಸಿನೊಡನೆ ಬಂದ ಬದಲಾವಣೆಯೆಲ್ಲವೂ ಪರಿಪಾಕವಲ್ಲ. ಕೂಡಿಟ್ಟ ಆಸ್ತಿಯ ಭಯದಿಂದ, ಮಗನ ನೌಕರಿಯ ಆಸೆಯಿಂದ, ಜಾತಿಯ ಸೆಳೆತದಿಂದ ಮತ ತಿರುಗುವುದೂ ಉಂಟು. 'ಯಾರು ಬಂದರೂ ಅಷ್ಟೇ' ಎಂಬ ಬೇಸರವಂತೂ ಅನುಭವದ ವೇಷ ತೊಟ್ಟ ಆಲಸ್ಯ. ಮಾಗಿದ ಹಣ್ಣೂ ಬಣ್ಣ ಬದಲಿಸುತ್ತದೆ, ಕೊಳೆತ ಹಣ್ಣೂ ಬದಲಿಸುತ್ತದೆ. ಅವೆರಡನ್ನು ಗುರುತಿಸುವ ಪರೀಕ್ಷೆ ಒಂದೇ: ತಾನು ಏಕೆ ಬದಲಾದೆ, ಹಿಂದೆ ಎಲ್ಲಿ ತಪ್ಪಿದೆ ಎಂಬುದನ್ನು ನಾಲ್ಕು ಜನರ ಮುಂದೆ ಸಂಕೋಚವಿಲ್ಲದೆ ಹೇಳಬಲ್ಲನೇ?

ಈ ವಿಚಾರ ವಿದ್ಯಾಲಯಗಳಿಗೂ ಸಂಬಂಧಿಸಿದ್ದು. ಸಂವಿಧಾನದ 61ನೆಯ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿಯಿತು. ಪ್ರೌಢಶಾಲೆಯನ್ನು ಬಿಟ್ಟ ಎರಡು ಮೂರು ವರ್ಷಗಳಲ್ಲಿಯೇ ವಿದ್ಯಾರ್ಥಿಯು ಮತಗಟ್ಟೆಯ ಮುಂದೆ ನಿಲ್ಲುತ್ತಾನೆ. ಆಗ ಗುರುಗಳಿಗಾಗಲಿ, ಹಳೆಯ ವಿದ್ಯಾರ್ಥಿಗಳಿಗಾಗಲಿ, ದಾನಿಗಳಿಗಾಗಲಿ ತಮ್ಮ ತೀರ್ಮಾನವನ್ನೇ ಅವನ ಕೈಗಿತ್ತು ಕಳಿಸುವ ಆಸೆ ಮೂಡುವುದು ಸಹಜ. ಆದರೆ ಹಿರಿಯರು ಹತ್ತು ಚುನಾವಣೆಗಳಲ್ಲಿ ನಂಬಿ, ಮೋಸಹೋಗಿ, ತಿದ್ದಿಕೊಂಡು ಗಳಿಸಿದ ಮತವು ಹುಡುಗನ ಕೈಯಲ್ಲಿ ಮತ್ತೆ ಎರವಲೇ ಆಗುತ್ತದೆ. ಎರವಿನ ಒಡವೆ ಎಷ್ಟು ದಿನ ಮೆರೆದರೂ ಮನೆಯದಾಗದು.

ಅವನಿಗೆ ಕೊಡಬೇಕಾದುದು ತೀರ್ಮಾನವಲ್ಲ, ಅದಕ್ಕೆ ಬಂದ ದಾರಿಯ ವೃತ್ತಾಂತ. ಯಾರಿಗೆ ಓಟು ಹಾಕಬೇಕೆಂದು ಹೇಳುವ ಹಿರಿಯರು ಊರಿಗೆ ನೂರು ಮಂದಿ ಸಿಗುತ್ತಾರೆ. ತಾವು ಎಲ್ಲಿ ಎಡವಿದೆವೆಂದು ಹೇಳುವವರು ವಿರಳ. ಕಿರಿಯರಿಗೆ ಬೇಕಾದವರು ಅವರೇ.