ಕಲ್ಲನ್ನು ಕಾಣದ ಪ್ರಬಂಧ

ಸವದತ್ತಿಯ ರಟ್ಟರನ್ನು ಕುರಿತ ಪಿಎಚ್.ಡಿ. ಪ್ರಬಂಧವೊಂದನ್ನು ನಾನು ಹಿಂದೊಮ್ಮೆ ಮೆಚ್ಚಿ ಒಪ್ಪಿದ್ದೆ. ಮೌಖಿಕ ಪರೀಕ್ಷೆಯಲ್ಲಿ, “ಶಾಸನವನ್ನು ಕಣ್ಣಾರೆ ಕಂಡಿರೇನು?” ಎಂದು ಕೇಳಿದಾಗ ಅಭ್ಯರ್ಥಿ ತಲೆತಗ್ಗಿಸಿದರು. 19ನೆಯ ಶತಮಾನದಲ್ಲಿ ಫ್ಲೀಟರು ಅಚ್ಚುಹಾಕಿಸಿದ ಪಾಠವೇ ಅವರಿಗೆ ಆಧಾರ. ಗದರಿಸುವ ಅಧಿಕಾರ ನನಗೆಲ್ಲಿತ್ತು? ನಾನೂ ಆ ಕಲ್ಲನ್ನು ಕಂಡವನಲ್ಲ. ಪದವಿಯೇನೋ ಸಂದಿತು.

ಯುಜಿಸಿಯ 2022ರ ನಿಯಮದಂತೆ ಪ್ರಾಧ್ಯಾಪಕನೊಬ್ಬ 8 ಮಂದಿಗೆ ಮಾರ್ಗದರ್ಶಕನಾಗಬಹುದು. ಪ್ರಬಂಧವನ್ನು ಕನಿಷ್ಠ 2 ಮಂದಿ ಹೊರಗಿನ ಪರೀಕ್ಷಕರು ನೋಡಬೇಕು. ಈ ಅಂಕೆಗಳು ಕಾಗದವನ್ನಷ್ಟೇ ಕಾಯುತ್ತವೆ. 1824ರ ಕದನ ಕಂಡ ಕಿತ್ತೂರು, ಚೆನ್ನಮ್ಮನ ಸಮಾಧಿಯ ಬೈಲಹೊಂಗಲ, ರಟ್ಟರ ಸವದತ್ತಿ, 1939ರ ದಂಗೆಯ ರಾಮದುರ್ಗ: ಇವು ಒಂದು ಹಗಲಿನಲ್ಲಿ ಸುತ್ತಿಬರಬಹುದಾದ ಊರುಗಳು. ಸಹಿ ಹಾಕುವ ಮುನ್ನ ಗುರುವು ಶಿಷ್ಯನೊಡನೆ ಅಲ್ಲಿ ನಿಲ್ಲಲೇಬೇಕೆಂಬುದು ನನ್ನ ಮತ. ನೋಡದೆ ಒಪ್ಪಿದ ತಪ್ಪು ಶಿಷ್ಯನದಕ್ಕಿಂತ ನನ್ನದೇ ದೊಡ್ಡದು.