ಕಣ್ಣುಳ್ಳ ಕೋಲು

ಪರದೇಶದಿಂದ ಬಂದ ಸಾಮಾನುಗಳಿಗೆ ಅವಳಿ ನಗರದ ಮನೆಗಳಲ್ಲಿ ಎರಡು ಆಯುಷ್ಯಗಳುಂಟು. ತಂದವರು ಮನೆಯಲ್ಲಿರುವಷ್ಟು ದಿನ ಒಂದು. ಅವರು ಮರಳಿ ವಿಮಾನವೇರಿದ ಮೇಲೆ ಕಪಾಟಿನ ಮೇಲಂತಸ್ತಿನಲ್ಲಿ ಧೂಳು ಕುಡಿಯುತ್ತ ಕಳೆಯುವ ದೀರ್ಘಕಾಲ ಇನ್ನೊಂದು. ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಧಾರವಾಡದ ಸಪ್ತಾಪುರ, ಮಾಳಮಡ್ಡಿಗಳಲ್ಲಿ ಮಕ್ಕಳನ್ನು ಅಮೇರಿಕೆಗೆ ಕಳುಹಿಸಿದ ಗೃಹಸ್ಥರು ಕಡಿಮೆಯಲ್ಲ. ಅಂಥ ಮನೆಯ ಕಪಾಟನ್ನು ತಡಕಿದರೆ, ಗೇಣಿಗಿಂತ ಕಿರಿದಾದ ಬಿಳಿಯ ಕೋಲೊಂದು ಕೈಗೆ ತಾಗೀತು. ಟೆಲಿವಿಜನ್ನಿನ ರಿಮೋಟೆಂದು ಬಗೆದು ಅದನ್ನು ಯಾರೂ ಬಿಸುಡಬಾರದು. ಜಪಾನಿನ ನಿಂಟೆಂಡೊ ಸಂಸ್ಥೆ 2006ರ ನವೆಂಬರಿನಲ್ಲಿ ಅಮೇರಿಕೆಯ ಪೇಟೆಗೆ ಬಿಟ್ಟ ‘ವೀ’ ಎಂಬ ಆಟದ ಯಂತ್ರದ ಕೈಗೋಲು ಅದು.

ಜಗತ್ತಿನಲ್ಲಿ 10 ಕೋಟಿಗೂ ಮಿಕ್ಕಿ ಮಾರಾಟವಾದ ಈ ಯಂತ್ರದ ಹಿರಿಮೆ ಅದರ ಸರಳತೆಯಲ್ಲಿತ್ತು. ಗುಂಡಿಗಳನ್ನು ಚಕಚಕನೆ ಒತ್ತುವ ಬೆರಳಿನ ಚಳಕ ಇಲ್ಲಿ ಬೇಕಿರಲಿಲ್ಲ. ಕೋಲು ಹಿಡಿದು ಚೆಂಡು ಉರುಳಿಸುವಂತೆ ತೋಳು ಬೀಸಿದರೆ ಪರದೆಯ ಮೇಲೆ ಚೆಂಡು ಉರುಳುತ್ತಿತ್ತು. ಹತ್ತು ವರ್ಷದ ಮೊಮ್ಮಗನೂ ಎಪ್ಪತ್ತು ದಾಟಿದ ಅಜ್ಜನೂ ಸರಿಸಮನಾಗಿ ನಿಂತು ಆಡಬಹುದಾದ ಆಟಗಳು ವಿರಳ, ಇದು ಅವುಗಳಲ್ಲೊಂದು.

ಆದರೆ ಅಮೇರಿಕೆಯಲ್ಲಿ ಕೊಂಡ ಯಂತ್ರದ ವಿದ್ಯುತ್ ಡಬ್ಬಿಯ ಮೇಲೆ 120 ವೋಲ್ಟ್ ಎಂದು ಮುದ್ರಿತವಾಗಿರುತ್ತದೆ. ಹುಬ್ಬಳ್ಳಿಯ ಗೋಡೆಯಲ್ಲಿ ಹರಿಯುವುದು 230 ವೋಲ್ಟ್. ಅಕ್ಷರ ಓದದೆ ಸಿಕ್ಕಿಸಿದರೆ ಡಬ್ಬಿ ಸುಟ್ಟುಹೋಗುತ್ತದೆ. ಮನೆಯವರು ಯಂತ್ರವೇ ಸತ್ತಿತೆಂದು ತಿಳಿದು ಕೈತೊಳೆದುಕೊಳ್ಳುತ್ತಾರೆ. ಕೋಲಿಗಾದರೋ ಗೋಡೆಯ ಹಂಗಿಲ್ಲ. ಎರಡು ಪೆನ್ಸಿಲ್ ಸೆಲ್ಲು ಹಾಕಿದರೆ ಅದು ಇಂದಿಗೂ ಕಣ್ತೆರೆಯುತ್ತದೆ. ಅದಕ್ಕೆ ಬೇಕಾದುದು ಹೊಸ ಒಡೆಯ. ಮನೆಯ ಗಣಕಯಂತ್ರವೇ ಆ ಒಡೆಯನಾಗಬಲ್ಲದು.

ಹಗಲುವೇಷದವರನ್ನು ಕಂಡ ಜನರಿಗೆ ಇದರ ಮರ್ಮವನ್ನು ವಿವರಿಸುವುದು ಸುಲಭ. ವೇಷಗಾರನು ರಾವಣನಾದಾಗ ನಡೆ, ನುಡಿ, ಗರ್ಜನೆಗಳೆಲ್ಲ ರಾವಣನವೇ. ಹಾಗೆಯೇ ಒಂದು ಯಂತ್ರವು ಇನ್ನೊಂದು ಯಂತ್ರದ ವೇಷ ಧರಿಸಿ ಅದರಂತೆಯೇ ವರ್ತಿಸುವುದನ್ನು ತಂತ್ರಜ್ಞರು ಎಮ್ಯುಲೇಶನ್ ಎನ್ನುತ್ತಾರೆ. ವೀ ಯಂತ್ರದ ವೇಷವನ್ನು ಗಣಕಕ್ಕೆ ತೊಡಿಸುವ ತಂತ್ರಾಂಶದ ಹೆಸರು ಡಾಲ್ಫಿನ್. 2003ರಲ್ಲಿ ಮೊದಲು ಕಾಣಿಸಿಕೊಂಡ ಇದರ ಒಳಬರೆಹವನ್ನು 2008ರಲ್ಲಿ ಸರ್ವರಿಗೂ ಮುಕ್ತಗೊಳಿಸಲಾಯಿತು. ಇದಕ್ಕೆ ಹಣ ತೆರಬೇಕಿಲ್ಲ.

ಕೋಲಿಗೂ ಗಣಕಕ್ಕೂ ನಡುವೆ ತಂತಿಯಿಲ್ಲ. ಧಾರವಾಡದವರಿಗೆ ನಿಸ್ತಂತು ಎಂದರೆ 1950ರ ಜನವರಿ 8ರಂದು ಆರಂಭವಾದ ಆಕಾಶವಾಣಿಯ ನೆನಪು. ಅಂದಿನ ಮಧ್ಯಮ ತರಂಗಗಳು ನೂರಾರು ಮೀಟರ್ ಉದ್ದದವು, ಜಿಲ್ಲೆಜಿಲ್ಲೆಗಳನ್ನು ದಾಟುವಂಥವು. ಕೋಲು ಬಳಸುವ ಬ್ಲೂಟೂತ್ ತರಂಗದ ಉದ್ದ ಸುಮಾರು 12 ಸೆಂಟಿಮೀಟರ್. ಅದರ ಮಾತು ಒಂದು ಪಡಸಾಲೆಯನ್ನು ತುಂಬಿದರೆ ಸಾಕು.

ಇವೆರಡರ ಪರಿಚಯ ಮಾಡಿಸುವಾಗ ಹಲವರು ಸೋಲುತ್ತಾರೆ. ಗಣಕವು ಗುಪ್ತಸಂಖ್ಯೆ ಕೇಳುತ್ತದೆ. ಕೋಲಿನ ಮೇಲಾಗಲಿ ಪುಸ್ತಿಕೆಯಲ್ಲಾಗಲಿ ಅಂಥ ಸಂಖ್ಯೆಯಿಲ್ಲ. ನಿಜ ಸಂಗತಿಯೆಂದರೆ, ಕೋಲಿನ 1 ಮತ್ತು 2 ಎಂಬ ಗುಂಡಿಗಳನ್ನು ಒಟ್ಟಿಗೆ ಒತ್ತಿದಾಗ ಅದರ ಬ್ಲೂಟೂತ್ ವಿಳಾಸವನ್ನೇ ಹಿಂದುಮುಂದಾಗಿ ಓದಿದರೆ ಅದೇ ಗುಪ್ತಸಂಖ್ಯೆ. ಸೆಲ್ಲಿನ ಮುಚ್ಚಳದಡಿಯ ಕೆಂಪು ಗುಂಡಿಯನ್ನು ಒತ್ತಿದರೆ ಗಣಕದ ವಿಳಾಸವನ್ನು ಹಾಗೆ ತಿರುಗಿಸಬೇಕು. ಕೀಲಿಮಣೆಯಿಂದ ಅದನ್ನು ಬರೆಯುವುದು ಸಾಮಾನ್ಯವಾಗಿ ಸಾಧ್ಯವಾಗದು. ಆದಕಾರಣ ಪರಿಚಯದ ಹೊಣೆಯನ್ನು ಡಾಲ್ಫಿನ್ನಿಗೇ ಒಪ್ಪಿಸುವುದು ಮೇಲು. ಅದರ ನಿಯಂತ್ರಕಗಳ ಪುಟದಲ್ಲಿ ನಿಜವಾದ ವೀ ರಿಮೋಟ್ ಎಂಬುದನ್ನು ಆರಿಸಿ, ಸತತ ಹುಡುಕಾಟಕ್ಕೆ ಗುರುತು ಹಾಕಿ, ಆ ಬಳಿಕ ಗುಂಡಿ ಒತ್ತಬೇಕು. ಮಿನುಗುತ್ತಿದ್ದ ನಾಲ್ಕು ದೀಪಗಳಲ್ಲಿ ಒಂದು ಸ್ಥಿರವಾಗಿ ನಿಂತರೆ ಸಂಬಂಧ ಕೂಡಿತೆಂದು ಅರ್ಥ. 2010ರಿಂದೀಚೆಗೆ ಬಂದ ಮೋಷನ್‌ಪ್ಲಸ್ ಒಳಗೊಂಡ ಕೆಲವು ಕೋಲುಗಳೂ ಅಗ್ಗದ ನಕಲಿ ಕೋಲುಗಳೂ ಇಲ್ಲಿ ಹಟ ಮಾಡುವುದುಂಟು.

ಇಷ್ಟಾದ ಮೇಲೆ ಕೈ ಬೀಸಿದರೆ ಗಣಕ ಅರಿಯುತ್ತದೆ. ಮೂರು ದಿಕ್ಕಿನ ವೇಗೋತ್ಕರ್ಷವನ್ನು ಅಳೆಯುವ ಪುಟ್ಟ ಮಾಪಕ ಕೋಲಿನೊಳಗಿದೆ. ಆದರೆ ಪರದೆಯತ್ತ ಬೆರಳು ಮಾಡಿದಂತೆ ತೋರಿಸಿದರೆ ಬಾಣದ ಗುರುತು ಮೂಡುವುದಿಲ್ಲ. ಇಲ್ಲಿ ಹೆಸರೇ ಜನರನ್ನು ದಾರಿ ತಪ್ಪಿಸಿದೆ. ಟೆಲಿವಿಜನ್ನಿನ ಮೇಲಿಡುವ ಪಟ್ಟಿಗೆ ಸೆನ್ಸರ್ ಬಾರ್ ಎಂದು ಹೆಸರು. ಅದು ಏನನ್ನೂ ಗ್ರಹಿಸುವುದಿಲ್ಲ. ಅದರ ಎರಡು ತುದಿಗಳಲ್ಲಿರುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ದೀಪಗಳು. ನೋಡುವ ಕಣ್ಣು ಕೋಲಿನ ಮೂತಿಯಲ್ಲಿದೆ! ಆ ಎರಡು ಬೆಳಕುಗಳನ್ನು ಕಂಡು ತಾನೆತ್ತ ತಿರುಗಿರುವೆನೆಂದು ಕೋಲು ಅರಿಯುತ್ತದೆ. ಪಟ್ಟಿಗೆ ವಿದ್ಯುತ್ತು ಬರುವುದು ಹಳೆಯ ಯಂತ್ರದಿಂದ. ಯಂತ್ರ ಮಲಗಿದಾಗ ಪಟ್ಟಿಯೂ ಕುರುಡು. ಅದಕ್ಕೆ ಬದಲಾಗಿ ಸುಮಾರು 20 ಸೆಂಟಿಮೀಟರ್ ಅಂತರದಲ್ಲಿ ಎರಡು ಮೇಣದ ಬತ್ತಿಗಳನ್ನು ಹಚ್ಚಿಟ್ಟರೂ ಕೋಲು ತೃಪ್ತವಾಗುತ್ತದೆ, ಏಕೆಂದರೆ ಜ್ವಾಲೆಯಲ್ಲಿ ಅವಕೆಂಪು ಧಾರಾಳವಾಗಿದೆ. ಪರೀಕ್ಷೆಗೆ ಇದು ಸೊಗಸು. ಮಕ್ಕಳು ತೋಳು ಬೀಸುವ ಕೋಣೆಯಲ್ಲಿ ಮಾತ್ರ, ಯುಎಸ್‌ಬಿಯಿಂದ ಬೆಳಗುವ ಪಟ್ಟಿಯನ್ನು ಕೊಳ್ಳುವುದೇ ವಿವೇಕ. ಮಣಿಕಟ್ಟಿನ ದಾರವನ್ನೂ ಮರೆಯಬಾರದು: ಕೋಲುಗಳು ಕೈಜಾರಿ ಹಾರತೊಡಗಿದ್ದರಿಂದ 2006ರ ಡಿಸೆಂಬರಿನಲ್ಲಿ ಸಂಸ್ಥೆಯು ಸುಮಾರು 32 ಲಕ್ಷ ದಾರಗಳನ್ನು ಬದಲಿಸಿಕೊಡಲು ಮುಂದಾಗಬೇಕಾಯಿತು.

ಕಣ್ಣು ಎಲ್ಲಿದೆಯೆಂದು ಅರಿತವರಿಗೆ ಈ ಕೋಲು ಆಟದಾಚೆಗೂ ಒದಗಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕ ಜಾನಿ ಚುಂಗ್ ಲೀ 2007ರಲ್ಲಿ ಅವಕೆಂಪು ದೀಪದ ಲೇಖನಿಯೊಂದನ್ನು ಮಾಡಿ, ಕೋಲನ್ನು ಗೋಡೆಯತ್ತ ತಿರುಗಿಸಿಟ್ಟು, ಬರಿಯ ಗೋಡೆಯನ್ನೇ ಗಣಕದ ಬರೆಹದ ಹಲಗೆಯನ್ನಾಗಿಸಿ ತೋರಿಸಿದರು. ದುಬಾರಿ ಹಲಗೆ ಕೊಳ್ಳಲಾರದ ಶಾಲೆಗೆ ಇದು ಅಲ್ಪ ಉಪಕಾರವಲ್ಲ.

ಒಂದು ಎಚ್ಚರಿಕೆ. ವೇಷ ಉಚಿತವಾದರೂ ಆಟ ಉಚಿತವಲ್ಲ. ನ್ಯಾಯವಾಗಿ ಕೊಂಡ ಗಣಕ ಕಾರ್ಯಕ್ರಮವು ಹಾಳಾದೀತೆಂಬ ಭಯಕ್ಕೆ ಪ್ರತಿ ಮಾಡಿಟ್ಟುಕೊಳ್ಳಲು 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಎಡೆಯುಂಟು. ಕೊಳ್ಳದ ಆಟವನ್ನು ಇಳಿಸಿಕೊಳ್ಳಲು ಇಲ್ಲ. ಸಾಮಾನ್ಯ ಗಣಕಗಳು ವೀ ತಟ್ಟೆಯನ್ನು ಓದಲಾರವಾದ್ದರಿಂದ, ಪ್ರತಿ ತೆಗೆಯಲು ಮೂಲ ಯಂತ್ರವೇ ಬೇಕು. ಅದನ್ನು ಗುಜರಿಗೆ ಹಾಕುವ ಮುನ್ನ, 230 ವೋಲ್ಟಿಗೆ ಒಗ್ಗಿ 12 ವೋಲ್ಟ್ ಕೊಡುವ, ಅದೇ ಯಂತ್ರಕ್ಕೆಂದು ಮಾಡಿದ ಡಬ್ಬಿಯೊಂದನ್ನು ತಂದು ನೋಡಬೇಕು. ಎಷ್ಟೋ ವೇಳೆ ಸತ್ತದ್ದು ಹಳೆಯ ಡಬ್ಬಿ ಮಾತ್ರ.

ಜೂನ್ ತಿಂಗಳಲ್ಲಿ ಧಾರವಾಡಕ್ಕೆ ಜಿಟಿಜಿಟಿ ಮಳೆಯೂ ಅಮೇರಿಕೆಯ ಮೊಮ್ಮಕ್ಕಳೂ ಒಟ್ಟಿಗೇ ಬರುವುದುಂಟು. ಅಂಗಳದಲ್ಲಿ ಆಡುವಂತಿರುವುದಿಲ್ಲ. ಅಜ್ಜಂದಿರು ಮೇ ತಿಂಗಳಲ್ಲೇ ಕೋಲು ಕೆಳಗಿಳಿಸಿ, ಸೆಲ್ಲು ತುಂಬಿ, ಗುಟ್ಟಾಗಿ ನಾಲ್ಕು ದಿನ ಅಭ್ಯಾಸ ಮಾಡಿಕೊಂಡರೆ ಸೋಲಿನ ಅಂತರವಾದರೂ ಕಡಿಮೆಯಾದೀತು.