ಬಿಸಿಗಾಳಿ ಯೋಜನೆ: ಚಾವಣಿಯ ಲೆಕ್ಕದ ಜೊತೆ ಆರೋಗ್ಯದ ಲೆಕ್ಕವೂ ಬೇಕು

2010ರ ಮೇ ತಿಂಗಳಲ್ಲಿ ಅಹಮದಾಬಾದ್‌ನಲ್ಲಿ ತಾಪಮಾನ 46.8 ಡಿಗ್ರಿ ಸೆಲ್ಸಿಯಸ್ ತಲುಪಿತ್ತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದ್ದವು ಎಂಬುದು ನಂತರದ ಅಧ್ಯಯನದಲ್ಲಿ ಬೆಳಕಿಗೆ ಬಂತು. ಬಿಸಿಲಿಗೆ ಬಲಿಯಾದವರ ಸಾವು ದಾಖಲೆಯಲ್ಲಿ ಹೃದಯಾಘಾತ, ಮೂತ್ರಪಿಂಡ ವೈಫಲ್ಯ ಎಂದು ಸೇರಿಹೋಗುವುದೇ ಹೆಚ್ಚು.

ಈ ಪಾಠದಿಂದಲೇ 2013ರಲ್ಲಿ ಅಲ್ಲಿನ ಪಾಲಿಕೆ ದಕ್ಷಿಣ ಏಷ್ಯಾದ ಮೊದಲ ಬಿಸಿಗಾಳಿ ಕ್ರಿಯಾ ಯೋಜನೆ ರೂಪಿಸಿತು. ಮುನ್ನೆಚ್ಚರಿಕೆ ಸಂದೇಶ, ಕುಡಿಯುವ ನೀರು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ ಅದರಲ್ಲಿದ್ದವು. ದೇಶದ ಹಲವು ನಗರಗಳು ಇದೇ ಮಾದರಿ ಅನುಸರಿಸಿದವು.

ಆದರೆ 'ಮಧ್ಯಾಹ್ನ ಮನೆಯೊಳಗೇ ಇರಿ' ಎಂಬ ಸಲಹೆ ತಗಡಿನ ಮನೆಯವರಿಗೆ ಎಷ್ಟು ಉಪಯೋಗ? ಶೀಟು ಹಗಲಿಡೀ ಕಾದರೆ, ಕಾಂಕ್ರೀಟ್ ಹೀರಿಕೊಂಡ ಶಾಖವನ್ನು ರಾತ್ರಿ ಹೊರಬಿಡುತ್ತದೆ. ಹಗಲಿನ ಬಿಸಿಲಿನಿಂದ ಬಳಲಿದ ದೇಹ ಚೇತರಿಸಿಕೊಳ್ಳಲು ರಾತ್ರಿಯ ತಂಪು ಬೇಕು. ಸತತ ಕೆಲವು ರಾತ್ರಿ ಅದು ಸಿಗದಿದ್ದರೆ ವೃದ್ಧರು, ಗರ್ಭಿಣಿಯರು, ಹಸುಗೂಸುಗಳು ಅಪಾಯಕ್ಕೆ ಸಿಲುಕುತ್ತಾರೆ. ಮೊಬೈಲ್ ಸಂದೇಶದಿಂದ ಚಾವಣಿ ತಣ್ಣಗಾಗದು.

ಇದಕ್ಕಿರುವ ಅಗ್ಗದ ಪರಿಹಾರ 'ಕೂಲ್ ರೂಫ್', ಅಂದರೆ ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸುವ ಬಿಳಿ ಲೇಪನದ ಚಾವಣಿ. ತೆಲಂಗಾಣ 2023ರಲ್ಲಿ ಇದಕ್ಕೆಂದೇ ನೀತಿ ತಂದಿದ್ದು, 2028ರೊಳಗೆ 300 ಚದರ ಕಿ.ಮೀ. ಚಾವಣಿಯನ್ನು ತಂಪಾಗಿಸುವ ಗುರಿ ಹಾಕಿಕೊಂಡಿದೆ. ಇದು ಸ್ವಾಗತಾರ್ಹ ಹೆಜ್ಜೆ. ಆದರೆ ಸರ್ಕಾರಿ ಹಾಗೂ ವಾಣಿಜ್ಯ ಕಟ್ಟಡಗಳಿಗೆ ಕಡ್ಡಾಯವಾಗಿರುವ ಈ ನಿಯಮ, ಮನೆಗಳ ವಿಷಯದಲ್ಲಿ 600 ಚದರ ಗಜ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗಷ್ಟೇ ಕಡ್ಡಾಯ. ಚಿಕ್ಕ ಮನೆಗಳಿಗೆ ಅದು ಐಚ್ಛಿಕ.

ಚದರ ಕಿಲೋಮೀಟರ್ ಲೆಕ್ಕದಲ್ಲಿ ನೋಡಿದರೆ ದೊಡ್ಡ ಚಾವಣಿಗಳಿಂದ ಆರಂಭಿಸುವುದು ಸರಿ. ಉಳಿಯುವ ಜೀವಗಳ ಲೆಕ್ಕದಲ್ಲಿ ನೋಡಿದರೆ ಆದ್ಯತೆ ತಿರುವುಮುರುವಾಗುತ್ತದೆ. ಎಸಿ ಇರುವ ಕಚೇರಿಗಿಂತ ಎಸಿ ಇಲ್ಲದ ಒಂದೇ ಕೋಣೆಯ ಮನೆಗೆ ಆ ಲೇಪನ ಮೊದಲು ಬೇಕು. ಅದನ್ನು ಇಚ್ಛೆಗೆ ಬಿಟ್ಟರೆ ಕೆಲಸವಾಗುವುದು ಕಷ್ಟ. ಬಾಡಿಗೆದಾರನಿಗೆ ಚಾವಣಿಯ ಮೇಲೆ ಹಕ್ಕಿಲ್ಲ, ಮಾಲೀಕನಿಗೆ ಅದರಡಿ ಮಲಗುವ ಅಗತ್ಯವಿಲ್ಲ.

ನಗರ ಯೋಜನೆಯಲ್ಲಿ ಆರೋಗ್ಯ ಇಲಾಖೆಯ ಪಾತ್ರ ಹೆಚ್ಚಾಗಿ ಅನಾಹುತದ ನಂತರವೇ ಶುರುವಾಗುತ್ತದೆ. ಇದು ಬದಲಾಗಲು ಹೊಸ ಸಂಸ್ಥೆ ಬೇಕಿಲ್ಲ. ಮರಣ ನೋಂದಣಿ ನಡೆಯುವುದು ಪಾಲಿಕೆಗಳಲ್ಲೇ. ಅದರ ಜೊತೆ ಆಂಬುಲೆನ್ಸ್ ಕರೆ, ಆಸ್ಪತ್ರೆ ದಾಖಲಾತಿಯ ಮಾಹಿತಿಯನ್ನು ವಾರ್ಡ್‌ವಾರು ಸೇರಿಸಿ, ತಗಡಿನ ಮನೆಗಳ ನಕ್ಷೆಯ ಪಕ್ಕ ಇಟ್ಟರೆ ಮೊದಲು ಎಲ್ಲಿಗೆ ಹೋಗಬೇಕೆಂಬುದು ತಿಳಿಯುತ್ತದೆ. ನೆರಳಿನ ಬಸ್ ನಿಲ್ದಾಣ, ಕುಡಿಯುವ ನೀರಿನ ನಲ್ಲಿ, ರಸ್ತೆಬದಿಯ ಮರಗಳಿಗೂ ಇದೇ ನಕ್ಷೆ ಸಾಕು.

ಆ ನಕ್ಷೆ ಎಂಜಿನಿಯರ್ ಮೇಜಿಗೆ ತಲುಪಬೇಕಾದದ್ದು ಬೇಸಿಗೆ ಮುಗಿದ ಮೇಲಲ್ಲ, ಬಜೆಟ್‌ಗೆ ಮುನ್ನ.